ಮನೆಯ ಓಟಿಜಿಯಲ್ಲಿ ಸಾಲ್ಟೆಡ್ ಕ್ಯಾರಮೆಲ್ ಮ್ಯಾಕರಾನ್: ಬಿರುಕು ಯಾಕೆ, ಸೋರೋದು ಯಾಕೆ?

ನೀವು ಕೇಳಿದ್ದು ಎರಡು ವಿಷಯ. ಹುಬ್ಬಳ್ಳಿಯ ಮನೆಯಲ್ಲಿ ಓಟಿಜಿಯಲ್ಲಿ (ಕರೆಂಟಿನ ಸಣ್ಣ ಓವನ್) ಮಾಡಿದ ಮ್ಯಾಕರಾನ್, ಅಂದರೆ ಎರಡು ಬದಾಮಿ ಬಿಲ್ಲೆಗಳ ನಡುವೆ ಹೂರಣ ತುಂಬಿದ ಫ್ರೆಂಚ್ ತಿಂಡಿ, ಮೇಲೆ ಬಿರುಕು ಬಿಡುತ್ತವೆ, ಕೆಳಗೆ ಫೀಟ್ (ಬಿಲ್ಲೆಯ ಬುಡದ ಉಬ್ಬಿದ ಅಂಚು) ಏಳುವುದಿಲ್ಲ. ಇನ್ನೊಂದು, ಒಳಗಿನ ಸಾಲ್ಟೆಡ್ ಕ್ಯಾರಮೆಲ್ ಮರುದಿನಕ್ಕೇ ಬದಿಯಿಂದ ಸೋರುತ್ತದೆ. ತತ್ತಿ ಬೀಟ್ ಮಾಡುವುದರಲ್ಲೇ ತಪ್ಪಿದೆ ಎಂದು ಬರೆದಿದ್ದೀರಿ. ನನಗೆ ಹಾಗನಿಸುವುದಿಲ್ಲ. ಬದಾಮಿ ಪುಡಿಯಲ್ಲಿ, ಗಾಳಿಯಲ್ಲಿ, ಕ್ರೀಮಿನಲ್ಲಿ ಇರುವ ನೀರೇ ಎರಡಕ್ಕೂ ಮೂಲ. ಓಟಿಜಿಯ ಕೆಳಗಿನ ರಾಡಿನ ಬಿಸಿ ಅದನ್ನು ಇನ್ನಷ್ಟು ಕೆಡಿಸುತ್ತದೆ.

ಅಳತೆ ಮೊದಲು. ತತ್ತಿಯ ಬಿಳಿ 100 ಗ್ರಾಂ (ಸುಮಾರು 3 ತತ್ತಿ), ಸಕ್ಕರೆ 100 ಗ್ರಾಂ, ಬದಾಮಿ ಪುಡಿ 105 ಗ್ರಾಂ, ಐಸಿಂಗ್ ಶುಗರ್ 105 ಗ್ರಾಂ. ಇದರಲ್ಲಿ 40 ಬಿಲ್ಲೆ, ಅಂದರೆ 20 ಮ್ಯಾಕರಾನ್ ಆಗುತ್ತವೆ. ಕಪ್, ಚಮಚದ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಡಿಜಿಟಲ್ ತಕ್ಕಡಿ ಬೇಕೇ ಬೇಕು.

ಬದಾಮಿಯನ್ನು ಬಿಸಿನೀರಿಗೆ ಹಾಕಿ ಸಿಪ್ಪೆ ತೆಗೆದು ಮನೆಯಲ್ಲೇ ಪುಡಿ ಮಾಡುವವರು ಎಡವುವುದು ಇಲ್ಲೇ. ಮುಟ್ಟಿದರೆ ಒಣಗಿದ ಹಾಗೆ ಅನಿಸಿದರೂ ಕಾಳಿನ ಒಳಗೆ ತೇವ ಇರುತ್ತದೆ. ಓಟಿಜಿಯಲ್ಲಿ 100 ಡಿಗ್ರಿಗೆ ಅರ್ಧ ತಾಸು ಇಡಿ, ಬಣ್ಣ ಬದಲಾಗಬಾರದು. ಪೂರ್ತಿ ಆರಿದ ಮೇಲೆ ಐಸಿಂಗ್ ಶುಗರ್ ಜೊತೆಗೇ ಮಿಕ್ಸರಿನ ಸಣ್ಣ ಜಾರಿಗೆ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಉಂಡೆ ಕಟ್ಟುತ್ತದೆ, ಆ ಪುಡಿಯಿಂದ ಮಾಡಿದ ಬಿಲ್ಲೆಯ ಮೇಲೆ ಜಿಡ್ಡಿನ ಕಲೆ ಬೀಳುತ್ತವೆ. ಸಣ್ಣ ಕಣ್ಣಿನ ಸಾಣಿಗೆಯಲ್ಲಿ ಎರಡು ಸಲ ಸಾಣಿಸಿ.

ಸ್ವಿಸ್ ಪದ್ಧತಿ ಹಿಡಿಯಿರಿ, ನಮ್ಮ ಹವೆಗೆ ಅದೇ ಚಲೋ. ತತ್ತಿಯ ಬಿಳಿ ಮತ್ತು ಸಕ್ಕರೆಯನ್ನು ಸ್ಟೀಲ್ ಬೋಗುಣಿಯಲ್ಲಿ ಹಾಕಿ, ಕುದಿಯುವ ನೀರಿನ ಭಾಂಡೆಯ ಮೇಲಿಟ್ಟು ಕೈಯಾಡಿಸುತ್ತಾ 50ರಿಂದ 55 ಡಿಗ್ರಿಗೆ ತನ್ನಿ. ಎರಡು ಬೆರಳ ನಡುವೆ ತಿಕ್ಕಿದರೆ ಸಕ್ಕರೆಯ ಹರಳು ಹತ್ತಬಾರದು. 60 ದಾಟಿದರೆ ತತ್ತಿ ಬೇಯತೊಡಗುತ್ತದೆ. ಬೋಗುಣಿಗೆ ಜಿಡ್ಡಿರಬಾರದು, ಮೊದಲೇ ನಿಂಬೆಹೋಳಿನಿಂದ ಒರೆಸಿ. ಪ್ಲಾಸ್ಟಿಕ್ ಬೋಗುಣಿ ಬೇಡ, ಎಷ್ಟು ತೊಳೆದರೂ ಜಿಡ್ಡು ಹಿಡಿದುಕೊಂಡಿರುತ್ತದೆ. ಕೆಳಗಿಳಿಸಿ, ಬೀಟರಿನ ತುದಿಗೆ ಹತ್ತಿದ ನೊರೆ ನೆಟ್ಟಗೆ ನಿಲ್ಲುವವರೆಗೆ ಬೀಟ್ ಮಾಡಿ.

ಪುಡಿ ಸೇರಿಸಿ ಸ್ಪ್ಯಾಚುಲಾದಿಂದ ಮಡಚಿ ಕಲಸಿ, ಆಗಾಗ ಬೋಗುಣಿಯ ಬದಿಗೆ ಒತ್ತಿ. ಎತ್ತಿದರೆ ಹಿಟ್ಟು ತುಂಡಾಗದೆ ಪಟ್ಟಿಯಂತೆ ಇಳಿಯಬೇಕು, ಬಿದ್ದ ಗೆರೆ 20 ಸೆಕೆಂಡಿನೊಳಗೆ ಕರಗಬೇಕು. ಗೆರೆ ಹಾಗೇ ನಿಂತರೆ ಬಿಲ್ಲೆಗೆ ಬಾಲ ಉಳಿಯುತ್ತದೆ. ಆದರೆ ಹೆಚ್ಚು ಕಲಸಿ ನೀರಾದ ಹಿಟ್ಟಿಗೆ ಮದ್ದಿಲ್ಲ, ಅದು ಚಪ್ಪಟೆಯಾಗಿ ಹರಡುತ್ತದೆ, ಫೀಟ್ ಬರುವುದಿಲ್ಲ. ಆದ್ದರಿಂದ ಸ್ವಲ್ಪ ಮೊದಲೇ ನಿಲ್ಲಿಸಿ. ಪೈಪಿಂಗ್ ಬ್ಯಾಗಿಗೆ (ಹಿಟ್ಟು ಹಿಂಡುವ ಚೀಲ) ತುಂಬುವಾಗ ಇನ್ನಷ್ಟು ಸಡಿಲಾಗುತ್ತದೆ.

ಮೂರೂವರೆ ಸೆಂಟಿಮೀಟರ್ ಅಗಲದ ಬಿಲ್ಲೆ ಬಿಡಿ. ತೆಳು ಬಟರ್ ಪೇಪರ್ ತೇವಕ್ಕೆ ಸುಕ್ಕಾಗಿ ಆಕಾರ ಕೆಡಿಸುತ್ತದೆ, ಟೆಫ್ಲಾನ್ ಹಾಳೆ ಬಳಸಿ. ಟ್ರೇಯನ್ನು ನಾಲ್ಕು ಸಲ ಕಟ್ಟೆಗೆ ಬಡಿದು, ಉಳಿದ ಗುಳ್ಳೆಗಳನ್ನು ಕಡ್ಡಿಯಿಂದ ಒಡೆಯಿರಿ. ಆಮೇಲೆ ಒಣಗಲು ಬಿಡಿ. ಮೇಲೆ ಪದರ ಕಟ್ಟಿದರೆ ಒಳಗಿನ ಹಬೆ ಮೇಲಕ್ಕೆ ದಾರಿ ಸಿಗದೆ ಕೆಳಗಿನ ಅಂಚಿನಿಂದ ಎತ್ತುತ್ತದೆ, ಫೀಟ್ ಅಂದರೆ ಅದೇ. ಪದರ ಇಲ್ಲದಿದ್ದರೆ ಹಬೆ ತಲೆ ಸೀಳಿಕೊಂಡು ಹೋಗುತ್ತದೆ. ಗದಗಿನ ಒಣಹವೆಯಲ್ಲಿ, ಬೇಸಿಗೆಯಲ್ಲಿ, ಅರ್ಧ ತಾಸು ಸಾಕಾಗಬಹುದು. ಧಾರವಾಡದ ಜಿಟಿಜಿಟಿ ಮಳೆಗಾಲದಲ್ಲಿ ಫ್ಯಾನ್ ಕೆಳಗಿಟ್ಟರೂ ಒಂದೂವರೆ ತಾಸು ಹಿಡಿಯುತ್ತದೆ. ಗಡಿಯಾರ ನೋಡಬೇಡಿ, ಬೆರಳಿಂದ ಸವರಿ ನೋಡಿ, ಹಿಟ್ಟು ಹತ್ತಬಾರದು. ಎರಡು ತಾಸಾದರೂ ಹತ್ತುತ್ತಿದ್ದರೆ ಓಟಿಜಿಯನ್ನು 50 ಡಿಗ್ರಿಗಿಟ್ಟು, ಬಾಗಿಲು ಅರೆತೆರೆದು, ಹತ್ತು ನಿಮಿಷ ಒಳಗಿಡಿ.

ಓಟಿಜಿಯ ಗುಂಡಿ 150 ತೋರಿಸಿದರೆ ಒಳಗೆ 150 ಇರುತ್ತದೆ ಎಂದು ನಂಬಬೇಡಿ. ಒಳಗಿಡುವ ಥರ್ಮಾಮೀಟರ್ ಒಂದು ತೊಗೊಳ್ಳಿ, ಈ ತಿಂಡಿಗೆ ಮಾಡುವ ಖರ್ಚಿನಲ್ಲೆಲ್ಲ ಸಾರ್ಥಕವಾದದ್ದು ಅದೇ. 20 ನಿಮಿಷ ಮೊದಲೇ ಕಾಯಿಸಿ. ಖಾಲಿ ಟ್ರೇಯೊಂದನ್ನು ಎಲ್ಲಕ್ಕಿಂತ ಕೆಳಗೆ ಅಡ್ಡ ಇಡಿ, ರಾಡಿನ ನೇರ ಬಿಸಿ ತಪ್ಪುತ್ತದೆ. ಬಿಲ್ಲೆಯ ಟ್ರೇ ನಡುವೆ ಇರಲಿ, ಸಲಕ್ಕೆ ಒಂದೇ ಟ್ರೇ. 145ರಿಂದ 150 ಡಿಗ್ರಿಗೆ 16ರಿಂದ 18 ನಿಮಿಷ. ಹತ್ತು ನಿಮಿಷ ಆಗಿ ಫೀಟ್ ಎದ್ದ ಮೇಲಷ್ಟೇ ಟ್ರೇ ತಿರುಗಿಸಿ. ತಲೆ ಮುಟ್ಟಿದಾಗ ಫೀಟಿನ ಮೇಲೆ ಅಲುಗಾಡಿದರೆ ಇನ್ನೂ ಎರಡು ನಿಮಿಷ ಬೇಕು. ಫೀಟ್ ಒಂದೇ ಕಡೆ ವಾಲಿದರೆ ಒಳಗಿನ ಬಿಸಿ ಒಂದೇ ಸಮ ಇಲ್ಲ. ತಳ ಅಂಟಿದರೆ ಬೆಂದಿಲ್ಲ. ಪೂರ್ತಿ ಆರುವವರೆಗೆ ಹಾಳೆಯಿಂದ ಕೀಳಬೇಡಿ.

ಇನ್ನು ಕ್ಯಾರಮೆಲ್. ಸಕ್ಕರೆ 100 ಗ್ರಾಂ, ನೀರು ಎರಡು ಚಮಚ, ಕ್ರೀಮ್ 70 ಗ್ರಾಂ, ಉಪ್ಪಿಲ್ಲದ ಬೆಣ್ಣೆ 45 ಗ್ರಾಂ, ಉಪ್ಪು 3 ಗ್ರಾಂ. ಪಾಕ ಹರಳುಗಟ್ಟದಿರಲಿ ಎಂದು ಉಂಡೆಗೆ ನಿಂಬೆರಸ ಹಿಂಡುತ್ತೀವಲ್ಲ, ಇಲ್ಲೂ ನಾಲ್ಕು ಹನಿ ಹಾಕಿ. ಕುದಿ ಬಂದ ಮೇಲೆ ಚಮಚ ಆಡಿಸಬೇಡಿ, ಭಾಂಡೆಯನ್ನೇ ತಿರುವಿ. ಚಿಕ್ಕಿಯ ಪಾಕದ ಹದ ದಾಟಿ, ತಾಮ್ರದ ಬಣ್ಣ ಬರಬೇಕು, ಸುಮಾರು 170ರಿಂದ 175 ಡಿಗ್ರಿ. ಬಂಗಾರದ ಬಣ್ಣಕ್ಕೇ ಇಳಿಸಿದರೆ ಬರೀ ಸಿಹಿ ಉಳಿಯುತ್ತದೆ, ಉಪ್ಪಿಗೆ ಎದುರು ನಿಲ್ಲುವ ಸಣ್ಣ ಕಹಿ ಬರುವುದಿಲ್ಲ. ಬಿಸಿ ಮಾಡಿದ ಕ್ರೀಮನ್ನು ಸ್ವಲ್ಪಸ್ವಲ್ಪವಾಗಿ ಸುರಿಯಿರಿ, ಉಕ್ಕಿ ಮೇಲೆ ಬರುತ್ತದೆ, ಆಳದ ಭಾಂಡೆ ಇರಲಿ, ಮಕ್ಕಳು ದೂರವಿರಲಿ. ತಣ್ಣನೆಯ ಕ್ರೀಮ್ ಹಾಕಿದರೆ ಸಕ್ಕರೆ ಗಡ್ಡೆ ಕಟ್ಟುತ್ತದೆ.

ನಿಮ್ಮದು ಸೋರುವ ಕಾರಣ ಈ ಹಂತದಲ್ಲಿದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಅಮುಲ್ ಫ್ರೆಶ್ ಕ್ರೀಮಿನಲ್ಲಿ ಕೊಬ್ಬು 25 ಪ್ರತಿಶತ, ಉಳಿದದ್ದು ಬಹುಪಾಲು ನೀರು. ವಿದೇಶದ ಅಳತೆಗಳು 35 ಪ್ರತಿಶತ ಕೊಬ್ಬಿನ ಕ್ರೀಮಿಗೆ ಬರೆದವು. ಹಾಗಾಗಿ ಕ್ರೀಮ್ ಸೇರಿದ ಮೇಲೆ ಸಣ್ಣ ಉರಿಯಲ್ಲಿ ಮತ್ತೆ 108ರಿಂದ 110 ಡಿಗ್ರಿವರೆಗೆ ಕುದಿಸಿ. ತಂಪು ತಾಟಿನ ಮೇಲೆ ಒಂದು ಹನಿ ಬಿಟ್ಟು ಓರೆ ಮಾಡಿದರೆ ನಿಧಾನಕ್ಕೆ ಜಾರಬೇಕು, ಓಡಬಾರದು. ಇಳಿಸಿ ಬೆಣ್ಣೆ, ಉಪ್ಪು ಸೇರಿಸಿ. ಉಪ್ಪಿನ ಹಳದಿ ಬೆಣ್ಣೆ ಬಳಸಿದರೆ ಉಪ್ಪನ್ನು ಅರ್ಧಕ್ಕಿಳಿಸಿ. ಮನೆಯಲ್ಲಿ ಕಡೆದ ಬೆಣ್ಣೆಯಾದರೆ ಮಜ್ಜಿಗೆ ಹೋಗುವವರೆಗೆ ತಣ್ಣೀರಿನಲ್ಲಿ ತೊಳೆಯಿರಿ, ಇಲ್ಲವಾದರೆ ಹುಳಿ ಮುಂದಾಗುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಬರೀ ಕ್ಯಾರಮೆಲ್ ತುಂಬಿದರೆ ಎಷ್ಟು ಕುದಿಸಿದ್ದರೂ ಬದಿಗೆ ಇಳಿಯುತ್ತದೆ. ಮೆತ್ತಗಾದ ಉಪ್ಪಿಲ್ಲದ ಬೆಣ್ಣೆ 80 ಗ್ರಾಂ ಬೀಟ್ ಮಾಡಿ, ಪೂರ್ತಿ ಆರಿದ ಕ್ಯಾರಮೆಲ್ 60 ಗ್ರಾಂ ಕಲಸಿ. ಬಿಲ್ಲೆಯ ಅಂಚಿಗೆ ಇದರ ಬಳೆ ಬಿಟ್ಟು, ನಡುವಿನ ಗುಳಿಗೆ ಉಳಿದ ಕ್ಯಾರಮೆಲ್ ಅರ್ಧ ಚಮಚ ಹಾಕಿ ಮುಚ್ಚಿ. ಬೆಣ್ಣೆಯ ಬಳೆ ಕ್ಯಾರಮೆಲ್ಲಿಗೆ ಒಡ್ಡು ಕಟ್ಟಿದ ಹಾಗೆ.

ತತ್ತಿ ತಿನ್ನದ ಮನೆಯವರಿಗೂ ಒಂದು ದಾರಿ ಇದೆ. ಕಾಬೂಲಿ ಕಡಲೆ ಬೇಯಿಸಿದ ನೀರನ್ನು ತತ್ತಿಯ ಬಿಳಿಯಷ್ಟು ಮಂದವಾಗುವವರೆಗೆ ಬತ್ತಿಸಿ, ತಂಪು ಮಾಡಿ ಬೀಟ್ ಮಾಡಬಹುದು. ಒಣಗಿಸುವ ಹೊತ್ತು ಹೆಚ್ಚು, ಬೇಯಿಸುವ ಬಿಸಿ 130ರ ಆಸುಪಾಸು.

ತುಂಬಿದ ಮ್ಯಾಕರಾನನ್ನು ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿ ಒಂದು ದಿನ ಇಡಿ. ಒಳಗಿನ ತೇವ ಸ್ವಲ್ಪ ಬಿಲ್ಲೆಗೆ ಹತ್ತಿ, ಹೊರಗೆ ಗರಿ, ಒಳಗೆ ಮೆದು ಆಗುವುದು ಆಗಲೇ. ಹೊರತೆಗೆದ ಮೇಲೆ 20 ನಿಮಿಷ ಡಬ್ಬಿಯ ಮುಚ್ಚಳ ತೆಗೆಯಬೇಡಿ, ತೆಗೆದರೆ ತಂಪು ಬಿಲ್ಲೆಯ ಮೇಲೆ ನೀರು ಕೂತು ಅಂಟಾಗುತ್ತದೆ.