ಅತ್ತೆಯವರ ಊಟ ಮೊದಲು, ಮೈದುನನ ಬಿರಿಯಾನಿ ಆಮೇಲೆ

ಕಲಬುರಗಿಯ ಓದುಗರೊಬ್ಬರು ಎರಡು ಹಾಳೆ ತುಂಬ ಬರೆದಿದ್ದಾರೆ. ದಸರಾ ರಜೆಗೆ ಮನೆಮಂದಿ ಏಳು ಜನ ಗಾಡಿ ಮಾಡಿಕೊಂಡು ಹೈದರಾಬಾದಿಗೆ ಹೊರಟಿದ್ದಾರಂತೆ. ಮೊದಲ ದಿನ ವಂಡರ್‌ಲಾ, ಮಾರನೇ ದಿನ ರಾಮೋಜಿ ಫಿಲ್ಮ್ ಸಿಟಿ. ಅತ್ತೆ, ಮಾವ, ಯಜಮಾನರು, ಮೈದುನ, 12 ವರ್ಷದ ಮಗ, 6 ವರ್ಷದ ಮಗಳು, ಜೊತೆಗೆ ಇವರು. ಟಿಕೆಟ್, ಗಾಡಿ, ಲಾಡ್ಜ್ ಎಲ್ಲ ಆಗಿದೆ. ಆಗದೇ ಉಳಿದಿರೋದು ಊಟದ್ದು.

"ಅತ್ತೆಯವರು ಮಾಂಸ ಬೇಯುವ ಕಡೆ ನೀರೂ ಕುಡಿಯುವುದಿಲ್ಲ. ಸಕ್ಕರೆ ಕಾಯಿಲೆ ಬೇರೆ. ಮೈದುನ ಬರುತ್ತಿರುವುದೇ ಬಿರಿಯಾನಿಗೆ. ಮಕ್ಕಳಿಗೆ ಪಿಜ್ಜಾ. ಯಜಮಾನರನ್ನು ಕೇಳಿದರೆ 'ಎಲ್ಲಾದರೂ ತಿಂದರಾಯ್ತು ಬಿಡು' ಅಂತಾರೆ. ಬುತ್ತಿ ಕಟ್ಟಲೋ, ಪಾರ್ಕಿನೊಳಗೇ ತಿನ್ನಲೋ, ಹೊರಗೆ ಒಳ್ಳೆ ಹೋಟೆಲ್ ಹುಡುಕಲೋ?" ಇದು ಪ್ರಶ್ನೆ. ಕೊನೆಗೆ ಇನ್ನೊಂದು ಸಾಲು: "ಹೆಸರು ಹಾಕಬೇಡಿ. ಅತ್ತೆಯವರೂ ನಿಮ್ಮ ಪತ್ರಿಕೆ ಓದುತ್ತಾರೆ."

ಅಕ್ಕಾವ್ರೆ, ಹೆಸರು ಹಾಕಿಲ್ಲ. ಆದರೆ ಏಳು ಜನ, ದಸರಾ, ಬಿರಿಯಾನಿ ಮೈದುನ ಅಂತ ಓದಿದ ಮೇಲೆ ಅತ್ತೆಯವರಿಗೆ ಗೊತ್ತಾಗದೆ ಇರುತ್ತಾ? ಓದಲಿ ಬಿಡಿ. ಈ ಉತ್ತರದಲ್ಲಿ ಅರ್ಧ ಅವರ ಪರವಾಗಿಯೇ ಇದೆ.

ಮೊದಲು ನಿಮ್ಮ ಯಜಮಾನರ ಮಾತು. ಎಲ್ಲಾದರೂ ತಿಂದರಾಯ್ತು ಅನ್ನುವವರೇ ಮಧ್ಯಾಹ್ನ ಎರಡಕ್ಕೆ ಎಲ್ಲರಿಗಿಂತ ಮೊದಲು ಸಿಡುಕುವವರು. ನಾನೂ ಅದೇ ಪೈಕಿ, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ. ಕೆಲವು ವರ್ಷದ ಹಿಂದೆ ನಾವೂ ಹೀಗೇ ಒಂದು ಪಾರ್ಕಿಗೆ ಹೋಗಿದ್ದೆವು. ಯಾವುದು ಅಂತ ಬೇಡ. ಒಂದೂವರೆಗೆ ಹಸಿವಾಯ್ತು ಅಂತ ಎದ್ದೆವು. ಅದೇ ಹೊತ್ತಿಗೆ ಇಡೀ ಪಾರ್ಕಿಗೆ ಹಸಿವಾಗಿತ್ತು. ಸಾಲಿನಲ್ಲಿ ನಿಂತವರ ಬಟ್ಟೆಯಿಂದ ನೀರು ಸೋರಿ ನೆಲವೆಲ್ಲ ಜಾರುತ್ತಿತ್ತು. ನಾನು ಟ್ರೇ ಹಿಡಿದು ಟೇಬಲ್ಲಿಗಾಗಿ ಒಬ್ಬರ ಬೆನ್ನ ಹಿಂದೆ ನಿಂತಿದ್ದೆ. ಅವರು ಐಸ್‌ಕ್ರೀಮ್ ಕಪ್ಪಿನ ತಳ ಕೆರೆಯುತ್ತಲೇ ಇದ್ದರು. ಪುಲಾವ್ ಆರಿತು. ನಮ್ಮ ತಾಯಿ "ನನಗೇನೂ ಬೇಡಪ್ಪ" ಅಂದರು. ಅದರ ಅರ್ಥ ಹಸಿವು ಸತ್ತಿದೆ ಅಂತ. ಆಮೇಲೆ ಮಗ ಅದೇ ಪುಲಾವಿನ ಮೇಲೆ ಗಿರಗಿರ ತಿರುಗುವ ಆಟಕ್ಕೆ ಹತ್ತಿ, ಇಳಿದವನೇ ನನ್ನ ಚಪ್ಪಲಿ ಮೇಲೆ ಎಲ್ಲ ವಾಪಸ್ ಕೊಟ್ಟ. ಅಡುಗೆಯಲ್ಲೇನೂ ದೋಷವಿರಲಿಲ್ಲ. ತಪ್ಪಿದ್ದು ನಮ್ಮ ಹೊತ್ತು.

ಹಾಗಾಗಿ ಎಲ್ಲಿ ಅನ್ನೋದನ್ನು ಸ್ವಲ್ಪ ಪಕ್ಕಕ್ಕಿಡಿ. ಯಾವಾಗ, ಯಾರಿಗೆ ಮೊದಲು ಅನ್ನೋದು ಗಟ್ಟಿಯಾದರೆ ಜಾಗ ತಾನಾಗಿ ಸಿಗುತ್ತದೆ. ನನ್ನ ಲೆಕ್ಕ ಇಷ್ಟೇ. ಬೆಳಗಿನದು ಮನೆ ಬುತ್ತಿ. ಮಧ್ಯಾಹ್ನದ್ದು ಪಾರ್ಕಿನೊಳಗೆ, ಬೇಗ, ಸಾದಾ. ರುಚಿ, ಆಸೆ, ಬಿರಿಯಾನಿ, ಪಿಜ್ಜಾ ಎಲ್ಲ ರಾತ್ರಿಗೆ. ಪಾರ್ಕಿನ ಮಧ್ಯಾಹ್ನದ ಊಟದಲ್ಲಿ ರುಚಿ ಹುಡುಕಲು ಹೋದರೆ ದುಡ್ಡೂ ಹೋಗುತ್ತದೆ, ಆಟದ ಹೊತ್ತೂ ಹೋಗುತ್ತದೆ.

ಬುತ್ತಿಯ ವಿಷಯಕ್ಕೆ ಬರೋಣ. ನಮ್ಮ ಕಡೆಯವರಿಗೆ ಬುತ್ತಿ ಕಟ್ಟೋದು ಯಾರೂ ಹೇಳಿಕೊಡಬೇಕಿಲ್ಲ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಇಡೀ ಓಣಿಗಾಗುವಷ್ಟು ಒಯ್ಯುವ ಮಂದಿ ನಾವು. ಆದರೆ ಪಾರ್ಕಿನ ಗೇಟು ಹೊಲದ ಬದುವಲ್ಲ. ಇಂಥ ಪಾರ್ಕುಗಳಲ್ಲಿ ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ಚೀಲ ತೆಗೆಸಿ ನೋಡುತ್ತಾರೆ. ಗೇಟಿನಲ್ಲಿ ಅತ್ತೆಯವರ ಕೈಯಿಂದ ರೊಟ್ಟಿ ಗಂಟು ಇಸಿದುಕೊಂಡರೆ ಆ ದಿನ ಅಲ್ಲಿಗೇ ಕೆಟ್ಟಿತು ಅಂತ ತಿಳಿಯಿರಿ.

ಇದು ನ್ಯಾಯವೇ ಅಂತ ಅನೇಕರು ನಮಗೆ ಬರೆಯುತ್ತಾರೆ. ಸಿನಿಮಾ ಮಂದಿರಗಳ ವಿಷಯದಲ್ಲಿ ಇದೇ ತಕರಾರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿತ್ತು. 2023ರ ಜನವರಿಯಲ್ಲಿ ಕೋರ್ಟು ಹೊರಗಿನ ತಿಂಡಿ ಬೇಡ ಅನ್ನುವ ಹಕ್ಕು ಮಂದಿರದ ಮಾಲೀಕರಿಗಿದೆ ಅಂದಿತು. ಅದೇ ಉಸಿರಿನಲ್ಲಿ ಕುಡಿಯುವ ನೀರು ಪುಕ್ಕಟೆ ಸಿಗಬೇಕು, ಕೂಸುಗಳ ಆಹಾರ ತಡೆಯಬಾರದು ಎಂಬ ಮಾತೂ ಬಂತು. ಅದು ಸಿನಿಮಾ ಮಂದಿರದ ಮಾತು, ನಿಜ. ಆದರೂ ಪಾರ್ಕಿನ ಗೇಟಿನಲ್ಲಿ ನಿಂತು ಜಗಳವಾಡಿ ಗೆಲ್ಲುತ್ತೇವೆ ಅನ್ನೋ ಆಸೆ ಬೇಡ. ತಮಾಷೆ ನೋಡಿ, ಇಂಥ ಪಾರ್ಕುಗಳಿಗೆಲ್ಲ ಹಿರಿಯಣ್ಣನಂತಿರುವ ಅಮೆರಿಕದ ಡಿಸ್ನಿ ವರ್ಲ್ಡ್‌ನಲ್ಲಿ ಮನೆಯಿಂದ ತಂದ ತಿಂಡಿ ಒಳಗೆ ಒಯ್ಯಬಹುದು. ಗಾಜಿನ ಬಾಟಲಿ, ಮದ್ಯ ಮಾತ್ರ ಕೂಡದು. ನಮ್ಮ ಕಡಕ್ ರೊಟ್ಟಿಗೆ ಅಲ್ಲಿ ದಾರಿ ಇದೆ, ಇಲ್ಲಿ ಇಲ್ಲ.

ಬುತ್ತಿ ಬೇಡ ಅಂತಲ್ಲ. ಅದರ ಜಾಗ ದಾರಿ. ಕಲಬುರಗಿಯಿಂದ ಹೈದರಾಬಾದ್ ಸುಮಾರು 220 ಕಿಲೋಮೀಟರ್. ನೀವು ಹುಮನಾಬಾದ್ ಮೇಲಿಂದ ಹೋಗುತ್ತೀರಿ ಅಂತ ಬರೆದಿದ್ದೀರಿ. ಅತ್ತೆಯವರು ಲಿಂಗಪೂಜೆ ಆಗದೆ ಬಾಯಿಗೆ ಏನೂ ಹಾಕುವುದಿಲ್ಲವಲ್ಲ, ಪೂಜೆ ಮನೆಯಲ್ಲೇ ಮುಗಿಸಿ ಐದಕ್ಕೆ ಗಾಡಿ ಹತ್ತಲಿ. ಏಳೂವರೆ ಸುಮಾರಿಗೆ ಜಹೀರಾಬಾದ್ ಆಸುಪಾಸಿನಲ್ಲಿ ಎಲ್ಲಾದರೂ ನೆರಳು ನೋಡಿ ನಿಲ್ಲಿಸಿ.

ಏನು ಕಟ್ಟಬೇಕು? ನನ್ನ ಓಟು ಧಪಾಟಿಗೆ. ಜೋಳದ ಹಿಟ್ಟು, ಗೋಧಿ ಹಿಟ್ಟು, ಒಂದು ಹಿಡಿ ಕಡಲೆ ಹಿಟ್ಟು, ಅಜವಾನ, ಎಳ್ಳು, ಅರಿಶಿನ, ಕುಟ್ಟಿದ ಬೆಳ್ಳುಳ್ಳಿ ಖಾರ. ಒದ್ದೆ ಬಟ್ಟೆಯ ಮೇಲೆ ತಟ್ಟಿ, ಹಂಚಿಗೆ ಹಾಕಿ, ಎಣ್ಣೆ ಬಿಟ್ಟು ಬೇಯಿಸಿದರೆ ಮಾರನೇ ದಿನಕ್ಕೂ ಮೆತ್ತಗಿರುತ್ತದೆ. ಪೂರ್ತಿ ಆರಿದ ಮೇಲೆ ಬಟ್ಟೆಯಲ್ಲಿ ಸುತ್ತಿ. ಬಿಸಿ ಇರುವಾಗಲೇ ಡಬ್ಬಿ ಮುಚ್ಚಿದರೆ ಒಳಗೇ ಬೆವತು ಹಳಸುತ್ತದೆ. ಜೊತೆಗೆ ಶೇಂಗಾ ಹಿಂಡಿ, ಉಪ್ಪಿನಕಾಯಿ. ಮಕ್ಕಳಿಗೆ ಮೊಸರನ್ನ ಬೇಕಾದರೆ ಹಾಲು ಜಾಸ್ತಿ ಹಾಕಿ, ಹೆಪ್ಪಿಗೆ ಒಂದು ಚಮಚ ಮೊಸರು ಬಿಡಿ. ತಿನ್ನುವ ಹೊತ್ತಿಗೆ ಹದವಾಗಿರುತ್ತದೆ. ಪುಂಡಿ ಪಲ್ಯ ಮನೆಯಲ್ಲೇ ಇರಲಿ. ನನಗೂ ಇಷ್ಟ, ಆದರೆ ಗಾಡಿಯ ಸೀಟಿಗೆ ಅಂಟಿದರೆ ಹೋಗಲ್ಲ.

ಧಪಾಟಿ ತಿಂದವರಿಗೆ ಹನ್ನೆರಡರವರೆಗೆ ಚಿಂತೆ ಇಲ್ಲ. ಹಬ್ಬದ ದಟ್ಟಣೆಯಲ್ಲಿ ಅದು ದೊಡ್ಡ ಲಾಭ. ನಮಗೆ ದಸರಾ ರಜೆ ಇದ್ದಂತೆ ತೆಲಂಗಾಣದ ಮಕ್ಕಳಿಗೂ ಬತುಕಮ್ಮ, ದಸರಾ ರಜೆ. ಎಲ್ಲರೂ ಅಲ್ಲೇ ಇರುತ್ತಾರೆ. ದಿನ ಬದಲಿಸಲು ಇನ್ನೂ ಆಗುವುದಾದರೆ ಶನಿವಾರ, ಭಾನುವಾರ ತಪ್ಪಿಸಿ.

ವಂಡರ್‌ಲಾ ಇರುವುದು ರಾವಿರ್ಯಾಲದಲ್ಲಿ, ಔಟರ್ ರಿಂಗ್ ರೋಡಿಗೆ ಹತ್ತಿಕೊಂಡು. ಸಂಗಾರೆಡ್ಡಿ ದಾಟಿದ ಮೇಲೆ ರಿಂಗ್ ರೋಡ್ ಹಿಡಿದರೆ ಊರೊಳಗೆ ಹೋಗುವುದೇ ಬೇಡ. ಊರೊಳಗೆ ಹೋಗಿ ಒಳ್ಳೆ ಹೋಟೆಲ್ ಹುಡುಕಿ, ತಿಂದು, ಮತ್ತೆ ಪಾರ್ಕಿಗೆ ಬರುತ್ತೇವೆ ಅನ್ನೋ ನಿಮ್ಮ ಮೂರನೇ ಯೋಚನೆಯನ್ನು ಇಲ್ಲಿಗೇ ಬಿಡಿ. ಅಷ್ಟು ದುಡ್ಡು ಕೊಟ್ಟು ಟಿಕೆಟ್ ತಗೊಂಡು ಟ್ರಾಫಿಕ್ ನೋಡೋದು ಯಾಕೆ?

ಈಗ ಒಳಗಿನ ಊಟ. ಇಲ್ಲಿ ನನ್ನದು ಒಂದೇ ಹಟ: ಏಳು ಜನ ಒಟ್ಟಿಗೆ ಉಣ್ಣಲೇಬೇಕು ಅನ್ನೋದನ್ನು ಮಧ್ಯಾಹ್ನದ ಮಟ್ಟಿಗೆ ಬಿಟ್ಟುಬಿಡಿ. ದೊಡ್ಡ ಆಟಗಳಿಗೆ ಎತ್ತರದ ಲೆಕ್ಕ ಇರುತ್ತದೆ. ನಿಮ್ಮ ಆರು ವರ್ಷದ ಮಗಳನ್ನು ಅನೇಕ ಆಟಗಳಿಗೆ ಬಿಡುವುದಿಲ್ಲ. ಆ ಹೊತ್ತಿನಲ್ಲಿ ಅವಳು, ಅತ್ತೆ, ಮಾವ ಸುಮ್ನೆ ಬಿಸಿಲಲ್ಲಿ ಕೂರುವ ಬದಲು ಹನ್ನೆರಡಕ್ಕೇ ಊಟಕ್ಕೆ ಹೋಗಲಿ, ನೀವೋ ಯಜಮಾನರೋ ಒಬ್ಬರು ಜೊತೆಗಿರಿ. ಆಗ ಟೇಬಲ್ ಖಾಲಿ, ಅನ್ನ ಬಿಸಿ. ಮಿಕ್ಕವರು ಎರಡೂವರೆ ಮೇಲೆ ತಿನ್ನಲಿ. ಒಂದರಿಂದ ಎರಡೂವರೆ ತನಕ ಊಟದ ಕಡೆ ಕಾಲಿಡಬೇಡಿ. ಆ ಹೊತ್ತಲ್ಲಿ ಬೇರೆಯವರೆಲ್ಲ ಊಟದ ಸಾಲಿನಲ್ಲಿರುತ್ತಾರೆ, ಆಟದ ಸಾಲು ಕಮ್ಮಿ.

ಅತ್ತೆಯವರ ಊಟ ಮೊದಲು ಅನ್ನೋದು ಬರೀ ಮರ್ಯಾದೆಗೆ ಹೇಳಿದ್ದಲ್ಲ. ಸಕ್ಕರೆ ಕಾಯಿಲೆಗೆ ಊಟಕ್ಕೆ ಮುಂಚೆ ನುಂಗುವ ಕೆಲವು ಮಾತ್ರೆಗಳಿವೆ, ಗ್ಲಿಮೆಪಿರೈಡ್ ಥರದವು. ಅದನ್ನು ನುಂಗಿ ಊಟ ತಡವಾದರೆ ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ. ಕೈ ನಡುಗುತ್ತದೆ, ಬೆವರುತ್ತದೆ, ತಲೆ ತಿರುಗುತ್ತದೆ. ನೀರಾಟದ ಜಾಗದಲ್ಲಿ ಎಲ್ಲರೂ ಒದ್ದೆಯಾಗಿರುತ್ತಾರೆ, ಬೆವರು ಯಾವುದು ನೀರು ಯಾವುದು ಗೊತ್ತಾಗಲ್ಲ. ಟೇಬಲ್ ಸಿಕ್ಕಿ ತಟ್ಟೆ ಮುಂದೆ ಬರುವ ತನಕ ಮಾತ್ರೆ ಕೊಡಬೇಡಿ. ನಡುಕ ಬಂದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಗ್ಲೂಕೋಸ್ ಪೊಟ್ಟಣ, ಒಂದು ಪ್ಯಾಕೆಟ್ ಬಿಸ್ಕೀಟು, ಡಾಕ್ಟರ ಚೀಟಿ ಒಂದೇ ಚೀಲದಲ್ಲಿಡಿ. ಗೇಟಿನಲ್ಲಿ ಚೀಟಿ ತೋರಿಸಿ ಮೆತ್ತಗೆ ಹೇಳಿ. ಹೊರಡುವ ಮುಂಚೆ ನಿಮ್ಮ ಡಾಕ್ಟರನ್ನೂ ಒಂದು ಮಾತು ಕೇಳಿ.

ಇನ್ನು ಮಾಂಸ ಬೇಯುವ ಕಡೆ ಉಣ್ಣದವರ ವಿಷಯ. 'ವೆಜ್ ಸಿಗುತ್ತದೆ' ಅನ್ನುವುದೂ, ಬರೀ ವೆಜ್ ಹೋಟೆಲ್ ಅನ್ನುವುದೂ ಬೇರೆ ಬೇರೆ. ಪಾರ್ಕಿಗೆ ಮೊದಲೇ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ. ವೆಜ್ ಅಡುಗೆಮನೆ ಬೇರೆ ಇದೆಯಾ? ಬಡಿಸುವ ಕೌಂಟರ್ ಬೇರೆ ಇದೆಯಾ? ಸರಿಯಾದ ಉತ್ತರ ಬರಲಿಲ್ಲ ಅಂದರೆ ಅತ್ತೆಯವರಿಗೆ ಹಣ್ಣು, ಮೊಸರು, ಹಸಿರು ಚುಕ್ಕೆ ಇರುವ ಪ್ಯಾಕೆಟ್ ತಿಂಡಿ ಅಂತ ಮೊದಲೇ ಮಾತಾಡಿಕೊಳ್ಳಿ. ಮಾಂಸದ ಗುರುತು ಈಗ ಕಂದು ಬಣ್ಣದ ತ್ರಿಕೋನ. ಅತ್ತೆಯವರೇ, ನೀವು ಓದುತ್ತಿದ್ದರೆ ಒಂದು ಮಾತು: ಹಸಿವಾದಾಗ "ನನಗೇನೂ ಬೇಡ" ಅನ್ನಬೇಡಿ. ಆ ಮಾತಿನಿಂದ ಆರು ಜನಕ್ಕೆ ಊಟ ಸೇರುವುದಿಲ್ಲ.

ಟಿಕೆಟ್ ಆಗಿದೆ ನಿಜ, ಅದರ ಮೇಲೆ ಬಫೆ ಊಟವನ್ನೂ ಸೇರಿಸಿಕೊಳ್ಳಿ ಅಂದರೆ ಏಳಕ್ಕೆ ಏಳೂ ತಗೋಬೇಡಿ. ನಿಮ್ಮ ಮೈದುನನಿಗೆ ಅದು ಲಾಭ. ಒಂದು ರೊಟ್ಟಿ ತಿನ್ನುವ ಅತ್ತೆಗೆ, ನಾಲ್ಕು ತುತ್ತು ತಿಂದು ಎದ್ದು ಓಡುವ ಮಗಳಿಗೆ ಪೂರ್ತಿ ನಷ್ಟ.

ಮಗನ ಕತೆ. ತಿರುಗುವ ಆಟದಲ್ಲಿ ಕಣ್ಣು ಒಂದು ಹೇಳುತ್ತದೆ, ಕಿವಿಯೊಳಗಿನ ಸಮತೋಲದ ಅಂಗ ಇನ್ನೊಂದು ಹೇಳುತ್ತದೆ. ಅವೆರಡರ ಜಗಳವೇ ವಾಕರಿಕೆ. ಎಣ್ಣೆ ಪದಾರ್ಥ ತುಂಬಿದ ಹೊಟ್ಟೆಗೂ ಆಗಲ್ಲ, ಪೂರ್ತಿ ಖಾಲಿ ಹೊಟ್ಟೆಗೂ ಆಗಲ್ಲ. ಊಟದ ಮೇಲೆ ಮುಕ್ಕಾಲು ಗಂಟೆ ಮೆಲ್ಲಗಿನ ಆಟ ಆಡಲಿ. ನನ್ನ ಚಪ್ಪಲಿಯ ಆಣೆ.

ನೀರಾಟಕ್ಕೆ ಇಳಿಯುವಾಗ ಫೋನು ಲಾಕರಿನಲ್ಲಿರುತ್ತದೆ. ಫೋನ್ ಪೇ ಮಾಡೋಣ ಅಂದರೆ ಕೈಯಲ್ಲಿ ಏನೂ ಇರಲ್ಲ. ಅತ್ತೆ ಮಾವನ ಹತ್ತಿರ ಪ್ಲಾಸ್ಟಿಕ್ ಚೀಲದಲ್ಲಿ ಒಂದಿಷ್ಟು ನಗದು ಇರಲಿ. ಅಂಗಡಿಯಲ್ಲಿ ನೀರಿನ ಬಾಟಲಿ ಕೊಂಡರೆ ಮೇಲೆ ಅಚ್ಚಾದ ಬೆಲೆ ನೋಡಿ. ಅಚ್ಚಾದ ಬೆಲೆಗಿಂತ ಜಾಸ್ತಿ ಕೇಳಿದರೆ ಗ್ರಾಹಕ ಸಹಾಯವಾಣಿ 1915 ಇದೆ. ಹೋಟೆಲಿನಲ್ಲಿ ಕೂತು ತರಿಸಿಕೊಂಡರೆ ಆ ಲೆಕ್ಕ ನಡೆಯಲ್ಲ ಅಂತ 2017ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಕೂರುವ ಮುಂಚೆ ರೇಟು ಕೇಳಿ.

ರಾಮೋಜಿಯ ದಿನ ಇಷ್ಟು ತಲೆಬಿಸಿ ಇಲ್ಲ. ನಿಮ್ಮ ಹುಮನಾಬಾದಿನ 65ನೇ ಹೆದ್ದಾರಿಯೇ ಹೈದರಾಬಾದ್ ದಾಟಿ ವಿಜಯವಾಡದ ಕಡೆ ಹೋಗುತ್ತದೆ, ಫಿಲ್ಮ್ ಸಿಟಿ ಅದರ ಪಕ್ಕದಲ್ಲೇ. ಅಲ್ಲಿ ಒದ್ದೆ ಬಟ್ಟೆಯ ಕಾಟ ಕಮ್ಮಿ, ಆದರೆ ಬಸ್ಸಿನಲ್ಲಿ ಸುತ್ತಿಸುತ್ತಾರೆ, ಶೋಗಳಿಗೆ ಹೊತ್ತು ಗೊತ್ತುಮಾಡಿರುತ್ತಾರೆ. ಒಳಗೆ ಹೋದ ತಕ್ಷಣ ಶೋಗಳ ಹೊತ್ತು ನೋಡಿ, ನಡುವೆ ಎಲ್ಲಿ ಸಂದು ಸಿಗುತ್ತದೋ ಅಲ್ಲಿ ಊಟ ತುರುಕಿ. ಬೆಳಗಿನ ನಾಷ್ಟಾ ಲಾಡ್ಜಿನ ಹತ್ತಿರವೇ ಇಡ್ಲಿ ಸಾಕು.

ಉಳಿದದ್ದು ಮೊದಲ ದಿನದ ರಾತ್ರಿ. ಎಲ್.ಬಿ. ನಗರದ ಕಡೆ ಲಾಡ್ಜ್ ಮಾಡಿದ್ದೀರಿ, ಒಳ್ಳೇದಾಯ್ತು. ದಿಲ್‌ಸುಖ್‌ನಗರ ಅಲ್ಲೇ ಹತ್ತಿರ, ತಿನ್ನುವುದಕ್ಕೆ ಏನೂ ಕೊರತೆ ಇಲ್ಲ. ಮೈದುನನನ್ನು ಬಿರಿಯಾನಿಗೆ ಬಿಟ್ಟುಬಿಡಿ, ಮಗನನ್ನೂ ಜೊತೆಗೆ ಕಳಿಸಿ, ಪಿಜ್ಜಾ ಮರೆತುಬಿಡುತ್ತಾನೆ. ಅತ್ತೆ ಮಾವನಿಗೆ ಬರೀ ವೆಜ್ ಹೋಟೆಲ್ ನೋಡಿ. ಹೈದರಾಬಾದಿನಲ್ಲಿ ಸಂಜೆಯಾದರೆ ಬೀದಿ ಬದಿಯಲ್ಲಿ ಜೊನ್ನ ರೊಟ್ಟೆ ತಟ್ಟುತ್ತಾರೆ. ನಮ್ಮ ಜೋಳದ ರೊಟ್ಟಿಯೇ, ಹೆಸರಷ್ಟೇ ತೆಲುಗು. ನಮ್ಮ ತಾಯಿ ಅದನ್ನು ಕೈಯಲ್ಲಿ ತಿರುವಿ ನೋಡಿ, ಅಂಚು ಮುರಿದು ಬಾಯಿಗಿಟ್ಟು, "ತೆಳ್ಳಗೆ ಬಡಿಯಬೇಕಿತ್ತು" ಅಂದರು. ಆಮೇಲೆ ಎರಡು ತಿಂದರು.

ಹಾ, ಶೇಂಗಾ ಹಿಂಡಿಯನ್ನು ಸ್ಟೀಲ್ ಡಬ್ಬಿಯಲ್ಲೇ ಹಾಕಿ. ನಾವು ಕ್ಯಾರಿಬ್ಯಾಗಿನಲ್ಲಿ ಕಟ್ಟಿದ್ದೆವು. ಡಿಕ್ಕಿ ತೆಗೆದರೆ ಇವತ್ತಿಗೂ ಬೆಳ್ಳುಳ್ಳಿ ವಾಸನೆ.