ಮುಷ್ಕರ ಮುಗಿದ ಮೇಲೆ ಸಹೋದ್ಯೋಗಿಗಳ ನಡುವೆ ಏನಾಗುತ್ತದೆ?

ನಿಮ್ಮ ಇಲಾಖೆಯಲ್ಲಿ ಮುಷ್ಕರದ ಮಾತು ನಡೆದಿದೆ, ನೀವಿನ್ನೂ ಪ್ರೊಬೇಷನ್‌ನಲ್ಲಿದ್ದೀರಿ, ಸೇರದೆ ಕೆಲಸಕ್ಕೆ ಹೋದರೆ ಜೊತೆಯವರು ಆಮೇಲೆ ಹೇಗೆ ನಡೆಸಿಕೊಳ್ಳುತ್ತಾರೆ ಎಂದು ಕೇಳಿದ್ದೀರಿ. ನಾನು ಬಸ್ ನಿರ್ವಾಹಕ. 2021ರ ಏಪ್ರಿಲ್‌ನ ಸಾರಿಗೆ ಮುಷ್ಕರದಲ್ಲಿ ಕೊನೆಯವರೆಗೂ ಇದ್ದವನು. ನಮ್ಮ ಬೇಡಿಕೆ ನ್ಯಾಯವಾದದ್ದು ಎಂದು ಇಂದಿಗೂ ನಂಬಿದ್ದೇನೆ. ಆದರೆ ಮುಷ್ಕರದ ಪೆಟ್ಟು ಎಲ್ಲರ ಮೇಲೂ ಒಂದೇ ತೂಕದಲ್ಲಿ ಬೀಳುವುದಿಲ್ಲ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಸಂಘಟನೆಗೆ ನಿಮ್ಮನ್ನು ದೂರುವ ಹಕ್ಕಿಲ್ಲ.

2020ರ ಡಿಸೆಂಬರ್‌ನಲ್ಲಿ ಬಸ್‌ಗಳು ನಿಂತಾಗ ಸರ್ಕಾರ ಕೆಲವು ಭರವಸೆಗಳನ್ನು ಕೊಟ್ಟಿತ್ತು. ಆರನೇ ವೇತನ ಆಯೋಗದ ಪ್ರಕಾರ ಸಂಬಳ ಬೇಕೆಂಬ ನಮ್ಮ ಬೇಡಿಕೆ ಮಾತ್ರ ಈಡೇರಲಿಲ್ಲ. ಶೇ 8ರ ಮಧ್ಯಂತರ ಹೆಚ್ಚಳವನ್ನು ನಾವು ಒಪ್ಪಲಿಲ್ಲ. ಏಪ್ರಿಲ್ 7ರಿಂದ 21ರವರೆಗೆ ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳಲ್ಲಿ ಮುಷ್ಕರ ನಡೆಯಿತು. ಮಾರ್ಚ್ ಸಂಬಳ ಕೈಗೆ ಬರದೆ ಯುಗಾದಿ ಕಳೆಯಿತು. ಹೆಂಡತಿ ಮಕ್ಕಳು ಬೀದಿಗಿಳಿದು ತಟ್ಟೆ ಲೋಟ ಬಡಿದರು. ಕೋವಿಡ್ ಎರಡನೇ ಅಲೆ ಏರುತ್ತಿತ್ತು. ಹೈಕೋರ್ಟ್ ಸೂಚಿಸಿದ ಮೇಲೆ ಕೆಲಸಕ್ಕೆ ಮರಳಿದೆವು.

ಮೊದಲು ಪೆಟ್ಟು ತಿಂದವರು ತರಬೇತಿಯಲ್ಲಿದ್ದ ಹುಡುಗರು. ಕಾಯಂ ನೌಕರನನ್ನು ತೆಗೆಯಬೇಕಾದರೆ ಆರೋಪಪಟ್ಟಿ, ವಿಚಾರಣೆ ಎಂಬ ದಾರಿಯಾದರೂ ಇದೆ. ಆ ಹುಡುಗರಿಗೆ ಒಂದು ಹಾಳೆಯ ಆದೇಶ ಸಾಕಾಯಿತು. ನನಗೆ ಆದದ್ದು ಸಂಬಳ ಕಡಿತ ಮಾತ್ರ. ನನ್ನ ಪಕ್ಕದಲ್ಲೇ ನಿಂತು ಘೋಷಣೆ ಕೂಗಿದ್ದ ಒಬ್ಬ ಊರಿಗೆ ಹೋಗಿ ಬಾಡಿಗೆ ಗೂಡ್ಸ್ ಗಾಡಿ ಓಡಿಸಿದ. ವಜಾಗೊಂಡವರಲ್ಲಿ ಹಲವರನ್ನು ಮುಂದೆ ಹಂತ ಹಂತವಾಗಿ ಮರಳಿ ತೆಗೆದುಕೊಂಡರು, ನಿಜ. ಅಲ್ಲಿಯವರೆಗೆ ಅವರ ಮನೆಯ ಬಾಡಿಗೆ ಕಟ್ಟಿದವರು ಯಾರು?

ಇನ್ನು ಕೆಲಸಕ್ಕೆ ಹೋದವರ ವಿಷಯ. ನನ್ನ ಜೋಡಿ ಚಾಲಕರು ನಿವೃತ್ತಿಯ ಅಂಚಿನಲ್ಲಿದ್ದರು. ಅಣ್ಣ ಎಂದೇ ಕರೆಯುತ್ತಿದ್ದೆ. ಗ್ರ್ಯಾಚುಟಿಗೆ ತೊಂದರೆಯಾದೀತೆಂಬ ಭಯಕ್ಕೆ ಮುಷ್ಕರದ ನಡುವೆಯೇ ಬಸ್ ತೆಗೆದರು. ನಾವು ಮರಳಿದ ಮೇಲೆ ಡಿಪೊದಲ್ಲಿ ಅವರ ಪಕ್ಕ ಯಾರೂ ಊಟಕ್ಕೆ ಕೂರಲಿಲ್ಲ. ನೈಟ್ ಹಾಲ್ಟ್ ಡ್ಯೂಟಿ ಮಾಡಿದವರಿಗೆ ಗೊತ್ತು, ಚಾಲಕ ಮತ್ತು ನಿರ್ವಾಹಕ ಒಂದೇ ಬಸ್ಸಿನಲ್ಲಿ ಮಲಗಿ, ಬೆಳಗಿನ ಜಾವ ಒಬ್ಬರನ್ನೊಬ್ಬರು ಎಬ್ಬಿಸಿಕೊಂಡು ಹೊರಡಬೇಕು. ಅಂಥವರೊಡನೆ ಮಾತು ಬಿಟ್ಟರೆ ಉಳಿಯುವುದು ನಿಲ್ಲಿಸಲು ಒಂದು ಸೀಟಿ, ಹೊರಡಲು ಎರಡು ಸೀಟಿ, ಅಷ್ಟೆ. ನಾನು ಮಾತು ಬಿಡಲಿಲ್ಲ. ಅದಕ್ಕೆ ನನ್ನವರೇ ಕೆಲವರು ನನ್ನ ಮೇಲೆ ಮುನಿಸಿಕೊಂಡರು. ಕೂತು ಮಾತಾಡಿ ಸರಿಮಾಡಿಕೊಳ್ಳೋಣವೆಂದರೆ ವಾರದೊಳಗೇ ಲಾಕ್‌ಡೌನ್ ಬಂತು. ಎಲ್ಲರೂ ಅದೇ ಸಿಟ್ಟನ್ನು ಹೊತ್ತು ಮನೆ ಸೇರಿದರು.

ಮುನಿಸು ಇಷ್ಟಕ್ಕೇ ನಿಂತರೆ ಸಹಿಸಬಹುದು. ಆ ಏಪ್ರಿಲ್‌ನಲ್ಲಿ ಜಮಖಂಡಿ ಬಳಿ ಬಸ್ ಓಡಿಸುತ್ತಿದ್ದ ಚಾಲಕರೊಬ್ಬರು ಕಲ್ಲೇಟಿಗೆ ಸತ್ತರು. ಯಾವ ವೇತನ ಶ್ರೇಣಿಯೂ ಆ ಸಾವಿಗೆ ಸಮನಲ್ಲ. ಕೆಲಸಕ್ಕೆ ಹೋಗುವವನನ್ನು ದ್ರೋಹಿ ಎಂದು ಕರೆಯುವ ಭಾಷಣ ನಿಮ್ಮ ಸಭೆಯಲ್ಲಿ ಶುರುವಾದರೆ ಅಲ್ಲೇ ಎದ್ದು ತಡೆಯಿರಿ.

ಕೆಲಸಕ್ಕೆ ಹೋದವರ ಮೇಲಿನ ಸಿಟ್ಟಿಗೆ ಕಾರಣವಿಲ್ಲವೆಂದೂ ಹೇಳಲಾರೆ. 2023ರ ಮಾರ್ಚ್‌ನಲ್ಲಿ ಶೇ 15ರ ಹೆಚ್ಚಳ ಬಂದಾಗ ಬೀದಿಯಲ್ಲಿ ನಿಂತವನಿಗೂ ಬಸ್ ಓಡಿಸಿದವನಿಗೂ ಒಂದೇ ಲೆಕ್ಕ. ನೀವು ಹೊರಗುಳಿದರೆ ನಿಮಗೂ ಈ ಮಾತು ತಾಗುತ್ತದೆ, ಅದಕ್ಕೆ ಸಿದ್ಧರಿರಿ.

ನನ್ನ ಸಲಹೆ: ನಿರ್ಧಾರ ಮಾಡುವ ಮುನ್ನ ಮುಖಂಡರನ್ನು ಎದುರಿಗೇ ಕೇಳಿ. ಪ್ರೊಬೇಷನ್‌ನಲ್ಲಿರುವವರನ್ನು ತೆಗೆದರೆ ಸಂಬಳದಷ್ಟು ಹಣ ಕೂಡಿಸುವವರು ಯಾರು, ವಕೀಲರು ಯಾರು? ಶಿಕ್ಷೆಗಳನ್ನೆಲ್ಲ ಹಿಂಪಡೆಯಬೇಕೆಂಬುದು ಒಪ್ಪಂದದ ಮೊದಲ ಅಂಶವಾಗಿ ಬರಹದಲ್ಲಿ ಇರುತ್ತದೆಯೇ? ಉತ್ತರ ಸಿಕ್ಕರೆ ಧೈರ್ಯವಾಗಿ ಸೇರಿ. ‘ಆಮೇಲೆ ನೋಡೋಣ’ ಎಂದರೆ, ಕಾಯಂ ಆದವರು ಮುಂದೆ ನಿಲ್ಲಲಿ, ನಾನು ಮುಷ್ಕರದ ನಿಧಿಗೆ ಚಂದಾ ಕೊಡುತ್ತೇನೆ ಎಂದು ಸಭೆಯಲ್ಲೇ ಎಲ್ಲರಿಗೂ ಕೇಳುವಂತೆ ಹೇಳಿ. ನಮ್ಮ ಡಿಪೊದಲ್ಲಿ ಹಾಗೆ ಮುಂಚೆಯೇ ಹೇಳಿದ್ದವರೊಡನೆ ಯಾರೂ ಮಾತು ಬಿಡಲಿಲ್ಲ.