ಹೊಸ ಮನೆಯ ಮುಂದೆ ಹಾಸಿದ ಹುಲ್ಲು ಕೆಲವೇ ತಿಂಗಳಲ್ಲಿ ಹಳದಿಯಾಗುವುದೇಕೆ?

ತಪ್ಪು ಹೆಚ್ಚಾಗಿ ಹುಲ್ಲಿನದಲ್ಲ, ಅದರ ಕೆಳಗಿನ ನೆಲದ್ದು. ಮನೆ ಕಟ್ಟುವಾಗ ಲಾರಿ, ಜಲ್ಲಿ ರಾಶಿ, ಕಾಂಕ್ರೀಟ್ ಮಿಕ್ಸರ್ ಎಲ್ಲವೂ ನಿಂತದ್ದು ಅದೇ ಜಾಗದಲ್ಲಿ. ಆ ಭಾರಕ್ಕೆ ಮಣ್ಣು ಕಲ್ಲಾಗಿರುತ್ತದೆ. ಅದರ ಮೇಲೆ ನಾಲ್ಕು ಬೆರಳು ಕೆಂಪು ಮಣ್ಣು ಹರಡಿ ಹುಲ್ಲು ಹಾಸಿದರೆ ಬೇರು ಅಷ್ಟರಲ್ಲೇ ಸುತ್ತಾಡಿಕೊಂಡಿರುತ್ತದೆ.

ಒಳ್ಳೆಯ ಮಣ್ಣಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜಾಗ ಬರೀ ಸಂದುಗಳದ್ದು. ಗಾಳಿ, ನೀರು ಇರುವುದು ಅಲ್ಲಿಯೇ. ಸಂದು ಮುಚ್ಚಿದರೆ ಮಳೆಗಾಲದಲ್ಲಿ ನೀರು ನಿಂತು ಬೇರಿಗೆ ಉಸಿರು ಕಟ್ಟುತ್ತದೆ, ಬೇಸಿಗೆಯಲ್ಲಿ ಆಳದ ತೇವ ಎಟುಕುವುದಿಲ್ಲ. ಸಾಲದ್ದಕ್ಕೆ ಸಿಮೆಂಟ್ ಚೂರುಗಳು ಮಣ್ಣಿಗೆ ಸುಣ್ಣದ ಗುಣ ತರುತ್ತವೆ. ಅಂಥ ಕಡೆ ಕಬ್ಬಿಣದ ಅಂಶವಿದ್ದರೂ ಬೇರಿಗೆ ದಕ್ಕದೆ ಎಲೆ ಬಿಳಿಚಿಕೊಳ್ಳುತ್ತದೆ. ಯೂರಿಯಾ ಎರಚಿದರೆ ಇದು ಸರಿಹೋಗದು.

ಹಿಡಿಯಲ್ಲಿ ಒತ್ತಿದ ಮಣ್ಣಿನ ಉಂಡೆ ಬೆರಳು ತಾಗಿಸಿದರೆ ಉದುರುವಷ್ಟು ಹದದಲ್ಲಿದ್ದಾಗ ಒಂದು ಗೇಣು ಆಳ ಅಗೆಯಿರಿ. ಗಾರೆ, ಇಟ್ಟಿಗೆ ಚೂರುಗಳನ್ನು ಆರಿಸಿ ತೆಗೆಯಿರಿ. ಒಂದೆರಡು ಅಂಗುಲ ದಪ್ಪಕ್ಕೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹರಡಿ ಅಗೆದ ಮಣ್ಣಿನಲ್ಲಿ ಬೆರೆಸಿ, ಪದರವಾಗಿ ಬಿಡಬೇಡಿ. ಹಸಿ ಸಗಣಿ ಬೇಡವೇ ಬೇಡ, ಅದರ ಜೊತೆ ಕಳೆಬೀಜವೂ ಬರುತ್ತದೆ. ಜೇಡಿಮಣ್ಣಿಗೆ ಎರಡು ಬುಟ್ಟಿ ಮರಳು ಹಾಕಿ ಎನ್ನುವವರು ಸಿಗುತ್ತಾರೆ. ಕೇಳಬೇಡಿ, ಅಷ್ಟು ಮರಳಿನಿಂದ ಜೇಡಿ ಸಡಿಲವಾಗುವುದಿಲ್ಲ, ಒಣಗಿದಾಗ ಇನ್ನಷ್ಟು ಗಟ್ಟಿಯಾಗಬಹುದು.

ಆಮೇಲೆ ನೀರು ಹಾಯಿಸಿ ಎರಡು ವಾರ ಸುಮ್ಮನಿರಿ. ಕೊನ್ನಾರಿ ಎಂಬ ಗಡ್ಡೆಯ ಕಳೆ ಮೊಳೆತರೆ ಗಡ್ಡೆಸಹಿತ ಕೀಳಿರಿ. ಹುಲ್ಲು ಹಾಸುವುದು ಅದಾದ ಮೇಲೆಯೇ.